ಲೋಹಕ್ಕೆ ದಾಕ್ಷಿಣ್ಯವಿಲ್ಲ

ನಾನು ಹುಟ್ಟಿ ಬೆಳೆದದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ. ನನ್ನ ಬಾಲ್ಯದಲ್ಲಿ ಈ ಬೀದಿಯ ಮೇಲೆ ವಿಮಾನವೊಂದು ಹಾದುಹೋಯಿತೆಂದರೆ ಅದೊಂದು ವಿಶೇಷವೇ ಆಗಿತ್ತು. ಅಂಗಡಿಯವರು ತಕ್ಕಡಿಯನ್ನು ಕೈಯಲ್ಲಿ ಹಿಡಿದೇ ಹೊರಗೆ ಬಂದು ಆಕಾಶವನ್ನು ನೋಡುತ್ತಿದ್ದರು. ಈಗ ಊರ ಹೊರಗೆ ಸೋಗಾನೆಯಲ್ಲಿ ವಿಮಾನ ನಿಲ್ದಾಣವಾಗಿದೆ. ೨೦೨೩ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡ ಆ ನಿಲ್ದಾಣಕ್ಕೆ ರಾಷ್ಟ್ರಕವಿ ಕುವೆಂಪು ಅವರ ಹೆಸರನ್ನಿಟ್ಟಿದ್ದಾರೆ. ಅಲ್ಲಿಗೆ ಬರುವ ವಿಮಾನದ ಸದ್ದನ್ನು ಕೇಳಿದಾಗಲೆಲ್ಲ ನನಗೆ ಸಂತೋಷದೊಡನೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ಸಂತೋಷಕ್ಕೆ ಕಾರಣ ಹೇಳಬೇಕಾಗಿಲ್ಲ. ನಾಚಿಕೆಗೆ ಕಾರಣವನ್ನು ಹೇಳುವುದಕ್ಕಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ನಮ್ಮ ವಠಾರದಲ್ಲಿ ಹಿರಿಯರೊಬ್ಬರಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದರು. ನಾವು ಮಕ್ಕಳೆಲ್ಲ ಅವರನ್ನು ‘ಕಾರ್ಖಾನೆ ಅಜ್ಜ’ ಎಂದೇ ಕರೆಯುತ್ತಿದ್ದೆವು. ಅವರ ಮನೆಯ ಜಗಲಿಯಲ್ಲಿ, ಓದುವ ಪತ್ರಿಕೆ ಗಾಳಿಗೆ ಹಾರದಂತೆ ಅದರ ಮೇಲಿಡುತ್ತಿದ್ದ ಲೋಹದ ತುಂಡೊಂದಿತ್ತು. ಅದು ಗೇಣುದ್ದದ್ದು, ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ಅದು ಯುದ್ಧವಿಮಾನವೊಂದರ ಪ್ರೊಪೆಲರಿನ ಅಲಗಿನಿಂದ ಕತ್ತರಿಸಿದ ತುಂಡೆಂದು ಅಜ್ಜ ಹೇಳಿದ್ದರು. ಅವರು ಹೇಳಿದ್ದು ಇಷ್ಟೆ, ಇದರ ಜೊತೆಗೆ ಇನ್ನೊಂದು ಮಾತು. ಆ ಇನ್ನೊಂದು ಮಾತನ್ನು ಆಮೇಲೆ ಹೇಳುತ್ತೇನೆ.

ಉಳಿದದ್ದನ್ನು ಕೂಡಿಸಿದವರು ನಾವು. ಇಲ್ಲಿಂದ ಹದಿನೆಂಟು-ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಭದ್ರಾವತಿಯಿದೆ. ಅಲ್ಲಿ ಕಬ್ಬಿಣದ ಕಾರ್ಖಾನೆಯಿದೆ. ವಿಮಾನ ಬೆಂಗಳೂರಿನದು, ಕಾರ್ಖಾನೆ ನಮ್ಮದು. ಆದ್ದರಿಂದ ಆ ತುಂಡು ಭದ್ರಾವತಿಯ ಕಬ್ಬಿಣವೇ ಆಗಿರಬೇಕೆಂದು ಯಾರೋ ಹೇಳಿದರು. ಎಲ್ಲರೂ ಒಪ್ಪಿದರು. ಊರಿನ ಮೇಲಿನ ಅಭಿಮಾನ ಎಂತಹ ಅನುಮಾನವನ್ನಾದರೂ ನಿಶ್ಚಯವನ್ನಾಗಿ ಮಾಡಬಲ್ಲುದು! ನಾನು ಪ್ರೌಢಶಾಲೆಯಲ್ಲಿದ್ದಾಗ ಪ್ರಬಂಧಸ್ಪರ್ಧೆಯೊಂದರಲ್ಲಿ, ‘ಭದ್ರೆಯ ದಡದ ಕಬ್ಬಿಣ ಯುದ್ಧರಂಗದ ಆಕಾಶದಲ್ಲಿ ಹಾರಿತು’ ಎಂದು ಬರೆದು ಬಹುಮಾನವನ್ನೂ ಪಡೆದೆ. ಮುಂದೆ ನಾನು ಕನ್ನಡ ಅಧ್ಯಾಪಕನಾಗಿ ಹೊರಟಾಗ, ಅಜ್ಜ ಆ ತುಂಡನ್ನು ನೆನಪಿಗಾಗಿ ನನಗೆ ಕೊಟ್ಟರು. ಅದನ್ನು ತರಗತಿಗೆ ಕೊಂಡೊಯ್ದು, ವರ್ಷವರ್ಷವೂ ಹೊಸ ಮಕ್ಕಳಿಗೆ ಅದೇ ಕಥೆಯನ್ನು ಹೇಳುತ್ತಾ ಬಂದೆ.

ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ಒಂಬತ್ತನೆಯ ತರಗತಿಯಲ್ಲಿ ಈ ಕಥೆ ಮುಗಿಯುತ್ತಿದ್ದಂತೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಏನಮ್ಮ?” ಎಂದೆ.

“ಸಾರ್, ಕಬ್ಬಿಣವಾದರೆ ಅಯಸ್ಕಾಂತಕ್ಕೆ ಅಂಟಬೇಕಲ್ಲವೆ?” ಎಂದು ಕೇಳಿದಳು.

ಅವಳ ಧ್ವನಿಯಲ್ಲಿ ಕುಚೋದ್ಯವಿರಲಿಲ್ಲ, ನಿಜವಾದ ಸಂದೇಹವಿತ್ತು. ವಿಜ್ಞಾನದ ಕೊಠಡಿಯಿಂದ ಅಯಸ್ಕಾಂತವನ್ನು ತರಿಸಿದೆ. ಅದು ಮೇಜಿನ ಮೊಳೆಯನ್ನು ಎಳೆಯಿತು, ಬಾಗಿಲ ಚಿಲಕವನ್ನು ಹಿಡಿಯಿತು. ನನ್ನ ಲೋಹದ ತುಂಡಿನಿಂದ ಮಾತ್ರ ಜಾರಿ ಕೆಳಗೆ ಬಿತ್ತು. ತರಗತಿ ನಿಶ್ಶಬ್ದವಾಯಿತು. ಇಪ್ಪತ್ತು ವರ್ಷ ನಾನು ಹೇಳಿದ್ದ ಮಾತು ಒಂದು ಕ್ಷಣದಲ್ಲಿ ಬಿದ್ದುಹೋಗಿತ್ತು.

ಅಂದು ಸಂಜೆ ವಿಜ್ಞಾನದ ಅಧ್ಯಾಪಕರ ಸಹಾಯದಿಂದ ನಾವು ಆ ತುಂಡನ್ನು ತೂಗಿದೆವು. ತೂಕ ೮೪೦ ಗ್ರಾಮ್. ಅಂಚಿನವರೆಗೆ ನೀರು ತುಂಬಿದ ಪಾತ್ರೆಯಲ್ಲಿ ಅದನ್ನು ಮುಳುಗಿಸಿದಾಗ ಹೊರಚೆಲ್ಲಿದ ನೀರು ೩೦೦ ಮಿಲಿಲೀಟರ್. ಭಾಗಿಸಿದರೆ ೨.೮. ಶುದ್ಧ ಅಲ್ಯೂಮಿನಿಯಮ್ಮಿನ ಸಾಂದ್ರತೆ ೨.೭, ಕಬ್ಬಿಣದ್ದು ೭.೮ಕ್ಕಿಂತ ಹೆಚ್ಚು. ನಮ್ಮ ಕೈಯಲ್ಲಿದ್ದುದು ಕಬ್ಬಿಣವಲ್ಲ, ಅಲ್ಯೂಮಿನಿಯಮ್ಮಿನ ಒಂದು ಮಿಶ್ರಲೋಹ. ಒಂದು ಲೋಟ ನೀರು ಮತ್ತು ಒಂದು ತಕ್ಕಡಿ, ನಾನು ಬಹುಮಾನ ಪಡೆದಿದ್ದ ಪ್ರಬಂಧವನ್ನು ಅಳಿಸಿಹಾಕಿದವು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಾನೇ ಎಷ್ಟೋ ಸಲ ಕಲಿಸಿದ್ದೆ; ಅದನ್ನು ಪಾಲಿಸಿದವಳು ನನ್ನ ವಿದ್ಯಾರ್ಥಿನಿ.

ಈ ಅವಮಾನವೇ ನನ್ನನ್ನು ಓದಿಗೆ ಹಚ್ಚಿತು. ಯುದ್ಧಕಾಲದ ವಿಮಾನಗಳಲ್ಲಿ ಯಾವ ಲೋಹವನ್ನು ಎಲ್ಲಿ ಬಳಸಿದರು, ಏಕೆ ಬಳಸಿದರು ಎಂಬುದನ್ನು ಕನ್ನಡದ ಮೇಷ್ಟ್ರಾದ ನಾನು ನಿಧಾನವಾಗಿ ತಿಳಿದುಕೊಳ್ಳತೊಡಗಿದೆ. ತಿಳಿದಷ್ಟೂ ನನ್ನ ಹಳೆಯ ಕಥೆ ಎಷ್ಟು ಬಡವಾದುದೆಂಬುದು ಗೊತ್ತಾಯಿತು. ಸತ್ಯ ಅದಕ್ಕಿಂತ ಎಷ್ಟೋ ಸಮೃದ್ಧವಾಗಿತ್ತು.

ಪ್ರೊಪೆಲರಿನ ಅಲಗನ್ನೇ ತೆಗೆದುಕೊಳ್ಳಿ. ಆ ಕಾಲದ ಡಕೋಟಾ ಸಾಗಣೆ ವಿಮಾನದ ಪ್ರೊಪೆಲರಿನ ವ್ಯಾಸ ಸುಮಾರು ಮೂರೂವರೆ ಮೀಟರ್. ವಿಮಾನ ನೆಲ ಬಿಟ್ಟೇಳುವಾಗ ಅದು ನಿಮಿಷಕ್ಕೆ ಸುಮಾರು ೧೫೦೦ ಸಲ ತಿರುಗುತ್ತದೆ. ಲೆಕ್ಕ ಮಾಡಿ ನೋಡಿದರೆ ಅಲಗಿನ ತುದಿ ಸೆಕೆಂಡಿಗೆ ಸುಮಾರು ೨೭೫ ಮೀಟರ್ ವೇಗದಲ್ಲಿ ಓಡುತ್ತದೆಂದು ತಿಳಿಯುತ್ತದೆ. ಕವಣೆಯಲ್ಲಿಟ್ಟು ತಿರುಗಿಸಿದ ಕಲ್ಲು ಹೇಗೆ ಕೈಯನ್ನು ಎಳೆಯುತ್ತದೆಯೋ ಹಾಗೆ, ಪ್ರತಿಯೊಂದು ಅಲಗೂ ತನ್ನ ಬುಡವನ್ನು ಹಲವಾರು ಟನ್ ಬಲದಿಂದ ಎಳೆಯುತ್ತದೆ. ಅಲಗು ಭಾರವಾದಷ್ಟೂ ಈ ಎಳೆತ ಹೆಚ್ಚು. ಅದೇ ಅಲಗನ್ನು ಗಟ್ಟಿ ಕಬ್ಬಿಣದಲ್ಲಿ ಮಾಡಿದ್ದರೆ ಎಳೆತ ಎರಡೂಮುಕ್ಕಾಲು ಪಟ್ಟು ಹೆಚ್ಚುತ್ತಿತ್ತು. ಬೀಡುಕಬ್ಬಿಣವಂತೂ ಪೆಡಸು, ಅಷ್ಟು ಸೆಳೆತವನ್ನು ತಾಳಲಾರದೆ ಒಡೆದುಹೋಗುತ್ತದೆ.

ಹಾಗಾದರೆ ಅಲ್ಯೂಮಿನಿಯಮ್ ಮೃದುವಲ್ಲವೆ ಎಂದು ನೀವು ಕೇಳಬಹುದು. ಶುದ್ಧವಾಗಿದ್ದರೆ ಮೃದುವೇ ಸರಿ. ಅದಕ್ಕೆ ಗಟ್ಟಿತನ ಬಂದ ಕಥೆ ತಾಳ್ಮೆಯ ಕಥೆಯಾಗಿದೆ. ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬ ಲೋಹವಿಜ್ಞಾನಿ ೧೯೦೬ರಲ್ಲಿ ಅಲ್ಯೂಮಿನಿಯಮ್ಮಿಗೆ ಸ್ವಲ್ಪ ತಾಮ್ರವನ್ನೂ ಮೆಗ್ನೀಸಿಯಮ್ಮನ್ನೂ ಬೆರೆಸಿ, ಕಾಯಿಸಿ, ನೀರಿನಲ್ಲಿ ಅದ್ದಿ ತಣಿಸಿದ. ಉಕ್ಕಾಗಿದ್ದರೆ ಒಡನೆಯೇ ಗಟ್ಟಿಯಾಗುತ್ತಿತ್ತು, ಇದು ಆಗಲಿಲ್ಲ. ಕೆಲವು ದಿನಗಳ ಅನಂತರ ಅದೇ ತುಂಡನ್ನು ಮತ್ತೆ ಅಳೆದಾಗ, ಅದು ತನ್ನಷ್ಟಕ್ಕೆ ತಾನೇ ಗಟ್ಟಿಯಾಗಿತ್ತು! ತಾಮ್ರದ ಪರಮಾಣುಗಳು ಲೋಹದೊಳಗೆ ಮೆಲ್ಲಮೆಲ್ಲನೆ ಸಣ್ಣಸಣ್ಣ ಗುಂಪುಗಳಾಗಿ ಕೂಡಿಕೊಂಡು ಅದಕ್ಕೆ ಬಲ ಕೊಡುತ್ತವೆಂಬುದು ಮುಂದೆ ಬಂದ ಸಂಶೋಧಕರಿಂದ ತಿಳಿಯಿತು. ಒಮ್ಮೆ ಅಳೆದು ಕೈಬಿಡದೆ ಮತ್ತೊಮ್ಮೆ ಅಳೆದದ್ದರಿಂದ ಲೋಕಕ್ಕೆ ಡ್ಯುರಾಲ್ಯುಮಿನ್ ಎಂಬ ಮಿಶ್ರಲೋಹ ದೊರಕಿತು. ಅದರಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟು ತಾಮ್ರ. ಮೆಗ್ನೀಸಿಯಮ್, ಮ್ಯಾಂಗನೀಸ್ ಒಂದೊಂದೂ ಅರ್ಧ ಪಾಲಿನಷ್ಟು. ಯುದ್ಧಕಾಲದ ಲೋಹದ ಅಲಗುಗಳಲ್ಲಿ ಬಹುಪಾಲು ಈ ಬಳಗದ ಮಿಶ್ರಲೋಹಗಳನ್ನು ಬಡಿದು ರೂಪಿಸಿದವು.

ಎಲ್ಲ ಅಲಗುಗಳೂ ಹೀಗಿರಲಿಲ್ಲ. ಅಮೆರಿಕದ ಕರ್ಟಿಸ್ ಕಂಪನಿ ಉಕ್ಕಿನ ಅಲಗುಗಳನ್ನೂ ಮಾಡಿತು. ಆದರೆ ಭಾರ ಕಡಮೆಯಾಗಲೆಂದು ಅವುಗಳ ಒಳಗನ್ನು ಪೊಳ್ಳಾಗಿ ಬಿಟ್ಟಿತು. ಬ್ರಿಟನ್ನಿನಲ್ಲಿ ಅಲ್ಯೂಮಿನಿಯಮ್ಮಿಗಿಂತಲೂ ಹಗುರವಾದ ಮೆಗ್ನೀಸಿಯಮ್ಮಿನ ಮಿಶ್ರಲೋಹವನ್ನು ಬಳಸಿದ್ದುಂಟು. ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳಲ್ಲಿ ಅನೇಕಕ್ಕೆ ಮರದ ಅಲಗುಗಳಿದ್ದವು. ತೆಳುವಾದ ಮರದ ಹಾಳೆಗಳನ್ನು ರಾಳದಿಂದ ಅಂಟಿಸಿ ಒತ್ತಿ ಮಾಡಿದ ಆ ಅಲಗು ನೆಲಕ್ಕೆ ತಾಗಿದರೆ ತಾನು ಪುಡಿಯಾಗಿ, ಎಂಜಿನ್ನಿಗೆ ಪೆಟ್ಟು ತಗಲದಂತೆ ಕಾಯುತ್ತಿತ್ತು. ಹಗುರ, ಬಲ, ತಾಳಿಕೆ, ದೊರೆಯುವಿಕೆ ಇವನ್ನೆಲ್ಲ ತೂಗಿ ನೋಡಿದವರು ಆಯಾ ಸಂದರ್ಭಕ್ಕೆ ತಕ್ಕುದನ್ನು ಆರಿಸಿಕೊಂಡರು. ಅಭಿಮಾನಕ್ಕೆ ಅಲ್ಲಿ ಸ್ಥಳವಿರಲಿಲ್ಲ.

ಎಂಜಿನ್ನಿನೊಳಗೆ ಇಣುಕಿದರೆ ಕಬ್ಬಿಣಕ್ಕೂ ಅದರ ಪಾಲಿನ ಗೌರವ ದೊರೆಯುತ್ತದೆ. ಆದರೆ ಬರಿಯ ಕಬ್ಬಿಣವಾಗಿ ಅಲ್ಲ, ಸಂಸ್ಕಾರ ಪಡೆದ ಉಕ್ಕಾಗಿ. ಪಿಸ್ಟನ್ನುಗಳ ಹೊಡೆತವನ್ನೆಲ್ಲ ಹೊತ್ತು ತಿರುಗುವ ವಕ್ರದಂಡವನ್ನು ನಿಕಲ್, ಕ್ರೋಮಿಯಮ್ ಮುಂತಾದುವನ್ನು ಬೆರೆಸಿದ ಉಕ್ಕಿನಿಂದ ಮಾಡುತ್ತಿದ್ದರು. ಅನೇಕ ಎಂಜಿನ್ನುಗಳಲ್ಲಿ ಸಿಲಿಂಡರಿನ ಉಕ್ಕಿನ ಕೊಳವೆಯನ್ನು ಅಮೋನಿಯಾ ಅನಿಲದಲ್ಲಿ ಸುಮಾರು ೫೦೦ ಡಿಗ್ರಿಗೆ ಕಾಯಿಸಿ, ಅದರ ಒಳಮೈ ಸವೆಯದಂತೆ ಗಟ್ಟಿಗೊಳಿಸುತ್ತಿದ್ದರು. ಅದರ ಮೇಲಿನ ತಲೆಯ ಭಾಗ ಮಾತ್ರ ಅಲ್ಯೂಮಿನಿಯಮ್ಮಿನದು. ಶಾಖವನ್ನು ಬೇಗ ಹೊರಗೆ ಸಾಗಿಸುವ ಗುಣ ಅದಕ್ಕುಂಟು. ಉರಿದ ಅನಿಲವನ್ನು ಹೊರಬಿಡುವ ಕವಾಟದ ಸ್ಥಿತಿಯಂತೂ ಶೋಚನೀಯ. ಅದು ಕೆಂಪಗೆ ಕಾದು ನಿಲ್ಲಬೇಕು. ಆ ಕವಾಟವನ್ನು ಪೊಳ್ಳಾಗಿ ಮಾಡಿ ಒಳಗೆ ಸೋಡಿಯಮ್ ತುಂಬಿದರು. ಸೋಡಿಯಮ್ ೯೮ ಡಿಗ್ರಿಯಲ್ಲಿಯೇ ಕರಗುತ್ತದೆ. ಕರಗಿದ ಆ ಲೋಹ ಕವಾಟದೊಳಗೆ ಮೇಲೆ ಕೆಳಗೆ ಕುಲುಕಾಡುತ್ತಾ ತಲೆಯ ಶಾಖವನ್ನು ಕಾಂಡಕ್ಕೆ ಸಾಗಿಸುತ್ತದೆ. ನೀರಿಗೆ ಬಿದ್ದರೆ ಉರಿದೇಳುವ ಸೋಡಿಯಮ್ಮು ಇಲ್ಲಿ ತಂಪು ಮಾಡುವ ಸೇವಕನಾಯಿತು. ಡಕೋಟಾದ ಎಂಜಿನ್ನಿನ ಬೇರಿಂಗಿನಲ್ಲಿ ಬೆಳ್ಳಿಯನ್ನು ಬಳಸಿದ್ದರೆಂದರೆ ಆಶ್ಚರ್ಯವಾಗಬಹುದು. ಅಲ್ಲಿ ಬೆಳ್ಳಿಯಿದ್ದುದು ಅಲಂಕಾರಕ್ಕಲ್ಲ, ಅದು ಆ ಭಾರವನ್ನು ತಾಳಬಲ್ಲುದೆಂಬ ಕಾರಣಕ್ಕೆ. ಹೀಗೆ ಒಂದು ಎಂಜಿನ್ನೆಂದರೆ ಹಲವು ಲೋಹಗಳ ಸಹಬಾಳ್ವೆ. ಯಾವುದನ್ನೂ ಅದು ಹೊರಲಾರದ ಕೆಲಸಕ್ಕೆ ಹಚ್ಚುವಂತಿಲ್ಲ.

ಈ ವಿಮಾನಗಳಿಗೂ ನಮ್ಮ ನಾಡಿಗೂ ಸಂಬಂಧ ಉಂಟಾದದ್ದು ಹೇಗೆಂಬುದನ್ನೂ ಹೇಳಬೇಕು. ಉದ್ಯಮಿ ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸರ್ಕಾರದ ನೆರವಿನಿಂದಲೂ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿತವಾಯಿತು. ಸರ್ ಮಿರ್ಜಾ ಇಸ್ಮಾಯಿಲರು ಆಗ ದಿವಾನರು. ೧೯೪೧ರಲ್ಲಿ ಹಾರ್ಲೊ ಎಂಬ ತರಬೇತಿ ವಿಮಾನವೂ ೧೯೪೨ರಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನವೂ ಅಲ್ಲಿ ಜೋಡಣೆಗೊಂಡು ಹಾರಿದವು. ಅದೇ ೧೯೪೨ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಜ್ಞಾನದ ವಿಭಾಗ ತೆರೆಯಿತು. ಜಪಾನಿನ ಸೇನೆ ಬರ್ಮಾವನ್ನು ಆಕ್ರಮಿಸಿದ ಮೇಲೆ ಯುದ್ಧ ನಮ್ಮ ಬಾಗಿಲಿಗೇ ಬಂದಿತ್ತು. ೧೯೪೩ರಲ್ಲಿ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುದಳಕ್ಕೆ ವಹಿಸಿದರು. ಅಂದಿನಿಂದ ಯುದ್ಧ ಮುಗಿಯುವವರೆಗೆ, ಕ್ಯಾಟಲೀನಾ ಎಂಬ ಕಡಲವಿಮಾನದಿಂದ ಮೊದಲ್ಗೊಂಡು, ಭಾರತ ಮತ್ತು ಬರ್ಮಾ ರಂಗದಲ್ಲಿ ಹಾರುತ್ತಿದ್ದ ಬಗೆಬಗೆಯ ವಿಮಾನಗಳು ದುರಸ್ತಿಗಾಗಿ ಬೆಂಗಳೂರಿಗೆ ಬಂದವು.

ದುರಸ್ತಿಯೆಂದರೆ ಮುರಿದುದನ್ನು ಜೋಡಿಸುವುದಷ್ಟೇ ಅಲ್ಲ. ಮುಂದೆ ಮುರಿಯಬಹುದಾದುದನ್ನು ಇಂದೇ ಕಂಡುಹಿಡಿಯುವುದು. ಲೋಹಕ್ಕೂ ದಣಿವುಂಟು. ಸಣ್ಣ ಕಲ್ಲೊಂದು ಸಿಡಿದು ಅಲಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಗಾಯವಾದರೆ ಸಾಕು, ಪ್ರತಿಯೊಂದು ಸುತ್ತಿನ ಅದುರಿಗೂ ಅದು ಇನಿತಿನಿತೇ ಬೆಳೆದು ಬಿರುಕಾಗುತ್ತದೆ. ಕೊನೆಗೊಂದು ದಿನ ಆಕಾಶದಲ್ಲಿ ಅಲಗು ಮುರಿಯುತ್ತದೆ. ಆದ್ದರಿಂದ ಅಂತಹ ಗಾಯಗಳನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತಿದ್ದರು. ಸಂಶಯವಿದ್ದಲ್ಲಿ ಕಾಸ್ಟಿಕ್ ಸೋಡಾ ದ್ರಾವಣವನ್ನು ಹಚ್ಚಿ, ನೈಟ್ರಿಕ್ ಆಮ್ಲದಿಂದ ತೊಳೆದು, ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಅಡಗಿದ ಬಿರುಕು ಕಪ್ಪು ಗೆರೆಯಾಗಿ ತೋರುತ್ತಿತ್ತು. ಉಕ್ಕಿನ ಭಾಗಗಳನ್ನಾದರೆ ಅಯಸ್ಕಾಂತೀಕರಿಸಿ ಕಬ್ಬಿಣದ ನುಣ್ಣನೆಯ ಪುಡಿಯನ್ನು ಉದುರಿಸುತ್ತಿದ್ದರು. ಬಿರುಕಿದ್ದ ಕಡೆ ಪುಡಿ ಸಾಲುಗಟ್ಟುತ್ತಿತ್ತು. ನಮ್ಮ ಕಾರ್ಖಾನೆ ಅಜ್ಜ ಮಾಡಿದ್ದು ಇದೇ ಕೆಲಸವನ್ನು.

ಈಗ ಅವರ ಇನ್ನೊಂದು ಮಾತನ್ನು ಹೇಳಬಹುದು. ನಾನು ಹುಡುಗನಾಗಿದ್ದಾಗ ಅವರು ಆ ತುಂಡಿನ ತೆಳು ಅಂಚಿನ ಮೇಲೆ ನನ್ನ ಬೆರಳನ್ನಿಟ್ಟು, ಅಲ್ಲಿದ್ದ ಕಪ್ಪು ಗೆರೆಯನ್ನು ತೋರಿಸಿ, “ಇದು ಹಾರಲಿಲ್ಲ, ಮರಿ. ನಾವು ಹಾರಗೊಡಲಿಲ್ಲ. ಅದಕ್ಕೇ ಇಟ್ಟುಕೊಂಡಿದ್ದೇನೆ” ಎಂದಿದ್ದರು. ನನಗೆ ಆಗ ನಿರಾಶೆಯಾಗಿತ್ತು. ಹಾರದ ಅಲಗಿನಿಂದ ಪ್ರಬಂಧಕ್ಕೆ ಯಾವ ಶೋಭೆ ಬಂದೀತು? ಆದುದರಿಂದ ಆ ಮಾತನ್ನು ಬಿಟ್ಟು, ‘ಹಾರಿತು’ ಎಂದು ಬರೆದೆ. ನನ್ನ ನಾಚಿಕೆಯ ನಿಜವಾದ ಕಾರಣ ಇದು. ಲೋಹವನ್ನು ತಪ್ಪಾಗಿ ತಿಳಿದದ್ದು ಅಜ್ಞಾನ. ಕೇಳಿದ ಮಾತನ್ನು ಬೇಕೆಂದೇ ಬಿಟ್ಟದ್ದು ಅಪರಾಧ. ತಕ್ಕಡಿ ಮತ್ತು ನೀರು ಲೋಹದ ಕುಲವನ್ನು ಹೇಳಿಯಾವು. ಅದರ ಚರಿತ್ರೆಯನ್ನು ಹೇಳಲಾರವು. ಚರಿತ್ರೆಗೆ ಬಲ್ಲವರ ಮಾತು ಬೇಕು; ಆ ಮಾತನ್ನು ನಾನು ತಿರುಚಿದ್ದೆ. ಮೇಲಿನವರ ಅವಸರವೇನೇ ಇರಲಿ, ‘ಇದು ಕೆಲಸಕ್ಕೆ ಬಾರದು’ ಎಂದು ಹೇಳಬಲ್ಲ ಒಂದು ಜೊತೆ ಕಣ್ಣುಗಳು ಆ ಕಾರ್ಖಾನೆಯಲ್ಲಿದ್ದವು. ಅವುಗಳಿಂದ ಎಷ್ಟು ಜನ ವೈಮಾನಿಕರು ಸುರಕ್ಷಿತವಾಗಿ ನೆಲಕ್ಕಿಳಿದರೋ ಯಾರು ಬಲ್ಲರು! ಆ ಕಣ್ಣುಗಳಿಗೆ ಸಲ್ಲಬೇಕಾಗಿದ್ದ ಗೌರವವನ್ನು ನಾನು ಒಂದು ಅಲಂಕಾರದ ವಾಕ್ಯಕ್ಕೆ ಕೊಟ್ಟುಬಿಟ್ಟಿದ್ದೆ.

ಇಷ್ಟರಿಂದ ಭದ್ರಾವತಿಯ ಹಿರಿಮೆಗೆ ಕುಂದು ಬಂದಿತೆ? ಎಷ್ಟುಮಾತ್ರಕ್ಕೂ ಇಲ್ಲ. ಕಲ್ಲಿದ್ದಲು ದೊರೆಯದ ಮೈಸೂರು ಸೀಮೆಯಲ್ಲಿ, ಮಲೆನಾಡಿನ ಮರದ ಇದ್ದಿಲಿನಿಂದ, ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಿ ೧೯೨೩ರಲ್ಲಿ ಕಬ್ಬಿಣ ಹರಿಸಿದ ಊರು ಅದು. ಮರವನ್ನು ಇದ್ದಿಲಾಗಿಸುವಾಗ ಹೊರಡುವ ಆವಿಯನ್ನೂ ವ್ಯರ್ಥಮಾಡದೆ ಮರದ ಮದ್ಯಸಾರ, ಟಾರು ಮೊದಲಾದುವನ್ನು ಅಲ್ಲಿ ತೆಗೆದರು. ಇದ್ದಿಲಿನಲ್ಲಿ ಗಂಧಕ ಕಡಮೆಯಾದ್ದರಿಂದ ಅದರಿಂದ ಕರಗಿಸಿದ ಕಬ್ಬಿಣ ಶುದ್ಧವಾಗಿರುತ್ತದೆ. ನಷ್ಟದ ದಿನಗಳಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಹೊಣೆ ಹೊತ್ತು ನಿಂತರು. ೧೯೩೬ರಲ್ಲಿ ಅಲ್ಲಿ ಉಕ್ಕಿನ ತಯಾರಿಕೆ ಆರಂಭವಾಯಿತು. ಕಾಲಾನಂತರ ಮಿಶ್ರ ಉಕ್ಕುಗಳೂ ತಯಾರಾದವು. ಇಷ್ಟು ನಿಜವಾದ ಕೀರ್ತಿಯಿರುವ ಊರಿಗೆ ಎರವಲು ರೆಕ್ಕೆ ಏತಕ್ಕೆ? ಸುಳ್ಳು ಹೊಗಳಿಕೆಯ ದೊಡ್ಡ ದೋಷವೆಂದರೆ ಅದು ನಿಜವಾದ ಹೊಗಳಿಕೆಯ ಸ್ಥಳವನ್ನು ಆಕ್ರಮಿಸುತ್ತದೆ. ನಾನು ಇಪ್ಪತ್ತು ವರ್ಷ ಹೇಳಿದ ಕಥೆಯಲ್ಲಿ ಇದ್ದಿಲು ಸುಟ್ಟವನೂ ಇರಲಿಲ್ಲ, ಕುಲುಮೆಯ ಮುಂದೆ ಬೆವರು ಹರಿಸಿದವನೂ ಇರಲಿಲ್ಲ.

ಯುದ್ಧದ ಯಂತ್ರಗಳ ವಿಚಾರವನ್ನು ಮಕ್ಕಳಿಗೇಕೆ ಹೇಳಬೇಕೆಂದು ಕೆಲವರು ಆಕ್ಷೇಪಿಸಬಹುದು. ಯುದ್ಧ ಕೊಂಡಾಡತಕ್ಕ ವಸ್ತುವಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಲೋಹಕ್ಕೆ ಹಗೆಯಿಲ್ಲ. ಅದನ್ನು ಬಳಸುವ ಕೈಗಿದೆ. ೧೯೪೦ರಲ್ಲಿ ಬ್ರಿಟನ್ನಿನ ಗೃಹಿಣಿಯರು ವಿಮಾನಗಳಿಗಾಗಿ ತಮ್ಮ ಅಡುಗೆಮನೆಯ ಅಲ್ಯೂಮಿನಿಯಮ್ ಪಾತ್ರೆಗಳನ್ನು ಕೊಟ್ಟರು. ಯುದ್ಧ ಮುಗಿದ ಮೇಲೆ ಅಲ್ಲಿನ ವಿಮಾನ ಕಾರ್ಖಾನೆಗಳೇ ಮನೆಯಿಲ್ಲದವರಿಗೆ ಅಲ್ಯೂಮಿನಿಯಮ್ಮಿನ ಮನೆಗಳನ್ನು ಮಾಡಿಕೊಟ್ಟವು. ನಮ್ಮ ಬೆಂಗಳೂರಿನ ಕಾರ್ಖಾನೆಯೂ ರೈಲ್ವೆ ಬೋಗಿಗಳನ್ನು ಕಟ್ಟಿತು, ೧೯೫೧ರಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-೨ ಎಂಬ ಸ್ವದೇಶಿ ತರಬೇತಿ ವಿಮಾನವನ್ನು ಹಾರಿಸಿತು. ಯುದ್ಧದಲ್ಲಿ ಕಲಿತ ಲೋಹವಿದ್ಯೆ ಶಾಂತಿಯ ಕಾಲದಲ್ಲಿ ಅನ್ನದ ಪಾತ್ರೆಗೂ ಬಂಡಿಯ ಅಚ್ಚಿಗೂ ಒದಗುತ್ತದೆ. ವಿದ್ಯೆಯನ್ನು ಬಲ್ಲವರು ಮಾತ್ರ ಅದನ್ನು ಒಳಿತಿನ ಕಡೆಗೆ ತಿರುಗಿಸಬಲ್ಲರು.

ನನ್ನ ಅಭಿಪ್ರಾಯವನ್ನು ಕೊನೆಯದಾಗಿ ಸ್ಪಷ್ಟವಾಗಿ ಹೇಳುತ್ತೇನೆ. ಊರಿನ ಮೇಲೆ ಅಭಿಮಾನವಿರಬೇಕು. ಆದರೆ ಆ ಅಭಿಮಾನ ಒರೆಗಲ್ಲಿಗೆ ಹೆದರಬಾರದು. ಹಳೆಯ ಯಂತ್ರದ ತುಂಡೊಂದು ಗುಜರಿ ಅಂಗಡಿಗೆ ಹೋಗುವ ಮುನ್ನ ಅದನ್ನು ತೂಗಿ ನೋಡಿ, ಅದರ ಮೇಲಿನ ಗುರುತುಗಳನ್ನು ಬರೆದಿಟ್ಟುಕೊಳ್ಳಿ. ಅದರೊಡನೆ ದುಡಿದ ಹಿರಿಯರು ಬದುಕಿರುವಾಗಲೇ ಅವರ ಮಾತನ್ನು ಕೇಳಿ, ಹೇಳಿದಂತೆಯೇ ಬರೆದುಕೊಳ್ಳಿ. ಮಾತಿಗೆ ಮನುಷ್ಯರು ತಲೆದೂಗಬಹುದು, ಚಪ್ಪಾಳೆ ತಟ್ಟಬಹುದು, ಬಹುಮಾನ ಕೊಡಬಹುದು. ಲೋಹಕ್ಕೆ ಇಂತಹ ದಾಕ್ಷಿಣ್ಯವಿಲ್ಲ. ಬಿರುಕಿದ್ದರೆ ಅದು ಮುರಿಯುತ್ತದೆ.

ಅಯಸ್ಕಾಂತ ಜಾರಿದ ಮರುದಿನ ನಾನು ಅದೇ ತರಗತಿಗೆ ಹೋಗಿ, ‘ನಾನು ಹೇಳಿದ್ದು ತಪ್ಪು’ ಎಂದು ಕಪ್ಪುಹಲಗೆಯ ಮೇಲೆ ಬರೆದು, ಅಜ್ಜನ ಮಾತನ್ನು ಅವರು ಹೇಳಿದಂತೆಯೇ ಹೇಳಿದೆ. ಮಕ್ಕಳಲ್ಲಿ ಯಾರೂ ನಗಲಿಲ್ಲ. ಆ ತುಂಡನ್ನು ಕೈಯಿಂದ ಕೈಗೆ ದಾಟಿಸಿ, ಒಬ್ಬೊಬ್ಬರೂ ಅದರ ಅಂಚಿನ ಕಪ್ಪು ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.